ಖಾತೆಯಿಲ್ಲದ ಓದು

"ಬುದ್ಧಿ, ಪೇಟೆಯ ಮಠದಲ್ಲಿ ಯಾವ ಗ್ರಂಥ ಬೇಕೆಂದರೂ ಗಾಳಿಯಲ್ಲೇ ಬಂದು ಇಳಿಯುತ್ತದಂತೆ. ನಮ್ಮಲ್ಲಿ ನೆಟ್ ಇಲ್ಲ. ಕಪಾಟಿನಲ್ಲಿ ಇರುವುದು ಹದಿನಾಲ್ಕು ಪುಸ್ತಕ. ಇಷ್ಟನ್ನು ನೆಚ್ಚಿಕೊಂಡು ಒಬ್ಬ ಮನುಷ್ಯ ದೊಡ್ಡವನಾಗುವುದು ಸಾಧ್ಯವೇ?"

ಹೀಗೆ ಕೇಳಿದವನು ಗುಡದಪ್ಪ ಎಂಬ ಶಿಷ್ಯ. ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಹೆಗಲಿಗೆ ಚೀಲ ಏರಿಸಿಕೊಂಡೇ ಬಂದು ಕೇಳಿದ್ದ.

ಗುರು ಅಡವಯ್ಯನವರು ಚೀಲವನ್ನು ನೋಡಿದರು.

"ಅದನ್ನು ಇಳಿಸಬೇಡ. ಹಾಗೇ ನಿಂತು ಒಂದು ಕತೆ ಕೇಳು. ನೀನು ನಂಬುವುದಿಲ್ಲ, ಅದು ನನಗೆ ಗೊತ್ತು. ನಿನ್ನಂಥವರು ಹತ್ತು ಜನ ಬಂದು ಇದರಲ್ಲಿ ಒಂದೇ ಒಂದು ಸುಳ್ಳು ಹೆಕ್ಕಿ ತೆಗೆಯಲಿ, ನಾನು ಈ ಗದ್ದುಗೆ ಬಿಟ್ಟು ಇಳಿಯುತ್ತೇನೆ."

ಗುಡದಪ್ಪ ನಿಂತ. ಗುರು ಹೇಳತೊಡಗಿದರು.

ಒಬ್ಬ ಕುರಿಗಾಹಿ ಇದ್ದ. ಇಪ್ಪತ್ತೆರಡು ವರ್ಷದವನು. ಏಳನೆಯ ತರಗತಿಯವರೆಗೆ ಓದಿದ್ದ, ಅದೂ ಹಿಂಡು ಊರಿನಲ್ಲಿದ್ದ ತಿಂಗಳುಗಳಲ್ಲಿ ಮಾತ್ರ. ಓಡುವ ಟಗರನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸುತ್ತಿದ್ದ. ಹಾಗೆ ನಿಲ್ಲಿಸಿದ್ದನ್ನು ಹತ್ತು ಕಡೆ ಹೇಳಿಕೊಂಡು ಬರುತ್ತಿದ್ದ. ಹತ್ತನೆಯ ಕಡೆ ತಲುಪುವ ಹೊತ್ತಿಗೆ ಟಗರು ಎರಡಾಗಿರುತ್ತಿತ್ತು.

ಅವನಿಗೆ ಇದ್ದ ಆಸೆ ಒಂದೇ. ಹಿಂಡಿನ ಮುಂದೆ ನಡೆಯಬೇಕು.

ದೀಪಾವಳಿ ಕಳೆದ ಮೇಲೆ ಅವನ ಹಟ್ಟಿಯ ಕುರಿಗಳೆಲ್ಲ ಒಂದೇ ಹಿಂಡಾಗಿ ಮೇವು ಹುಡುಕಿಕೊಂಡು ಹೊರಡುತ್ತಿದ್ದವು. ಮರಳುವುದು ಮುಂಗಾರಿಗೆ. ಮುಂದೆ ನಡೆಯುವವನ ಕೈಯಲ್ಲಿ ಟಗರಿನ ಹಗ್ಗ ಇರುತ್ತದೆ. ದಾರಿ ಆರಿಸುವವನು ಅವನೇ. ಹೋದ ಊರಿನ ಹಿರಿಯರು ಮಾತಾಡಿಸುವುದೂ ಅವನನ್ನೇ. ಹಿಂದೆ ನಡೆಯುವವನಿಗೆ ಸಿಗುವುದು ಧೂಳು. ಅಷ್ಟು ದಿನ ಮುಂದೆ ನಡೆದಿದ್ದ ಹಟ್ಟಿಯ ಹಿರಿಯನಿಗೆ ಆ ವರ್ಷ ಮೊಣಕಾಲು ಸೋತಿತ್ತು. ಹಗ್ಗ ಯಾರ ಕೈಗೆ ಹೋಗುತ್ತದೆಂದು ಎಲ್ಲರೂ ಕಾಯುತ್ತಿದ್ದರು. ಕುರಿಗಾಹಿ ಮಾತ್ರ ಕಾಯುತ್ತಿರಲಿಲ್ಲ. ಅದು ತನ್ನದೇ ಎಂದು ಆಗಲೇ ಸಾರಿಬಿಟ್ಟಿದ್ದ.

ಆ ದಿನಗಳಲ್ಲಿ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಿದ್ದ ಒಬ್ಬ ಎಂಜಿನಿಯರ್ ಕೆಲಸ ಮುಗಿಸಿ ಊರು ಬಿಟ್ಟ. ಒಂದು ವರ್ಷ ಇವನ ಕೈಯಿಂದ ಹಾಲು ತರಿಸಿಕೊಂಡು ಕುಡಿದಿದ್ದ. ಹೋಗುವಾಗ ತನ್ನ ಹಳೆಯ ಇ-ರೀಡರನ್ನು ಇವನ ಕೈಗಿತ್ತ. ಒಳಗಿದ್ದುದನ್ನೆಲ್ಲ ಅಳಿಸಿದ್ದ. "ಇದರಲ್ಲಿ ಸಾವಿರ ಪುಸ್ತಕ ಹಿಡಿಯುತ್ತದೆ" ಎಂದು ಒಂದು ಮಾತು ಹೇಳಿದ್ದ.

ಆ ಒಂದು ಮಾತು ಸಾಕಾಯಿತು. ಕುರಿಗಾಹಿ ಹಟ್ಟಿಯ ನಡುವೆ ನಿಂತು, "ನನ್ನ ಹತ್ತಿರ ಸಾವಿರ ಪುಸ್ತಕ ಇದೆ" ಎಂದ. ಜನ ಮುತ್ತಿಕೊಂಡರು. ಬಳಪದ ಪಾಟಿಯಂತೆ ಇತ್ತು. ಬೂದು ಬಣ್ಣ. ಹಟ್ಟಿಯವರು ಅದನ್ನು ಪಾಟಿ ಎಂದೇ ಕರೆದರು.

"ಎಲ್ಲಿ, ಒಂದನ್ನು ಓದು" ಎಂದ ಹಿರಿಯ.

ಕುರಿಗಾಹಿ ಗುಂಡಿ ಒತ್ತಿದ. ಬಿಳಿ ಹಲಗೆಯ ಮೇಲೆ ಒಂದೇ ಸಾಲು ಮೂಡಿತು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ: "ಅಂಗಡಿಯಲ್ಲಿ ಖಾತೆ ತೆರೆದು ಮುಂದುವರಿಯಿರಿ."

"ಇಷ್ಟೇನಾ ಪುಸ್ತಕ?" ಎಂದಳು ಒಬ್ಬ ಮುದುಕಿ. "ಚೆನ್ನಾಗಿದೆ. ಬೇಗ ಮುಗಿಯಿತು."

ನಗೆ ಎದ್ದಿತು. ಕುರಿಗಾಹಿಗೆ ಮುಖ ಬಿಸಿಯಾಯಿತು. "ಖಾತೆ ಆಗಿಲ್ಲ, ಅದಕ್ಕೇ. ನಾಳೆ ಖಾತೆ ಮಾಡಿಸಿಕೊಂಡು ಬರುತ್ತೇನೆ. ಮುಂಗಾರಿಗೆ ಮರಳುವುದರೊಳಗೆ ಒಂದು ಪೂರ್ತಿ ಪುಸ್ತಕ ಓದಿ, ಇದೇ ಜಾಗದಲ್ಲಿ ಎಲ್ಲರಿಗೂ ಕೇಳಿಸದಿದ್ದರೆ ನನ್ನ ಹೆಸರು ಕರೆಯಬೇಡಿ."

ಹಿರಿಯ ಹೇಳಿದ: "ಹೆಸರು ನಿನ್ನ ಹತ್ತಿರವೇ ಇರಲಿ. ಓದಿ ಕೇಳಿಸಿದರೆ ಟಗರಿನ ಹಗ್ಗ ನಿನ್ನದು. ಕೇಳಿಸದಿದ್ದರೆ ಆ ಮಾತನ್ನು ಇನ್ನೊಮ್ಮೆ ಎತ್ತಬೇಡ. ಆದರೆ ಪಾಟಿ ನೋಡುತ್ತಾ ಮುಂದೆ ನಡೆದರೆ ಹಿಂಡನ್ನು ಯಾರದೋ ಜೋಳದ ಹೊಲಕ್ಕೆ ನುಗ್ಗಿಸುತ್ತೀ. ಓದು ಮುಗಿಯುವವರೆಗೆ ಹಿಂದೆ ನಡೆ. ಈ ಒಂದು ವರ್ಷ ನಾನೇ ಹೇಗೋ ಕುಂಟಿಕೊಂಡು ಮುಂದೆ ನಡೆಯುತ್ತೇನೆ."

ಮಾತು ಕೊಟ್ಟಾಗಿತ್ತು. ಕುರಿಗಾಹಿ ಒಪ್ಪಿದ.

ಮರುದಿನ ಅವನು ಗ್ರಾಮ ಲೆಕ್ಕಿಗನ ಕಚೇರಿಗೆ ಹೋದ. ಅವನಿಗೆ ಗೊತ್ತಿದ್ದ ಖಾತೆ ಒಂದೇ. ಅಪ್ಪನ ಹೊಲ ಮಗನ ಹೆಸರಿಗೆ ಆಗಬೇಕಾದರೆ ಮಾಡಿಸುವ ಖಾತೆ. ಸಾಲಿನಲ್ಲಿ ಅರ್ಧ ದಿನ ನಿಂತ. ಸರದಿ ಬಂದಾಗ ಪಾಟಿಯನ್ನು ಮೇಜಿನ ಮೇಲಿಟ್ಟು, "ಸ್ವಾಮಿ, ಇದನ್ನು ನನ್ನ ಹೆಸರಿಗೆ ಖಾತೆ ಮಾಡಿಕೊಡಿ" ಎಂದ.

ಲೆಕ್ಕಿಗ ತಮಾಷೆಯ ಮನುಷ್ಯ. ಮುಖ ಬದಲಿಸದೆ ಕೇಳಿದ: "ಸರ್ವೆ ನಂಬರು?"

"ಹಿಂದುಗಡೆ ಏನೋ ನಂಬರು ಇದೆ ಸ್ವಾಮಿ."

"ಚಕ್ಕುಬಂದಿ ಹೇಳು."

ನಾಲ್ಕು ದಿಕ್ಕಿನ ಎಲ್ಲೆ ಹೇಳದೆ ಖಾತೆಯಾಗದು ಎಂಬುದು ಕುರಿಗಾಹಿಗೆ ತಿಳಿದೇ ಇತ್ತು. ಪಾಟಿಯನ್ನು ಕೈಯಲ್ಲಿ ಹಿಡಿದು, ಸೂರ್ಯ ಎಲ್ಲಿದ್ದಾನೆಂದು ಕಿಟಕಿಯಲ್ಲಿ ನೋಡಿ, ಗಂಭೀರವಾಗಿ ಹೇಳಿದ: "ಮೂಡಣಕ್ಕೆ ನನ್ನ ಬಲಗೈ ಹೆಬ್ಬೆರಳು. ಪಡುವಣಕ್ಕೆ ಎಡಗೈ ಹೆಬ್ಬೆರಳು. ಬಡಗಣಕ್ಕೆ ಬಯಲು. ತೆಂಕಣಕ್ಕೆ ನನ್ನ ಹೊಟ್ಟೆ."

ಸಾಲಿಗೆ ಸಾಲೇ ನಕ್ಕಿತು. ಲೆಕ್ಕಿಗ ಕಣ್ಣೊರೆಸಿಕೊಂಡ. "ತಮ್ಮಾ, ಇಷ್ಟು ಚೆನ್ನಾಗಿ ಚಕ್ಕುಬಂದಿ ಹೇಳಿದವರು ಈ ಕಚೇರಿಗೆ ಬಂದಿಲ್ಲ. ಆದರೆ ಇದು ಹೊಲದ ಖಾತೆಯಲ್ಲ. ಪಂಚಾಯಿತಿಯ ಪಕ್ಕದ ಲೈಬ್ರರಿಗೆ ಹೋಗು. ಅಲ್ಲಿಯ ಅಕ್ಕನಿಗೆ ಇದೆಲ್ಲ ಗೊತ್ತು."

ಲೈಬ್ರರಿಯ ಅಕ್ಕ ಪಾಟಿಯನ್ನು ತಿರುಗಿಸಿ ನೋಡಿದಳು.

"ನಿನ್ನ ಹತ್ತಿರ ಇಮೇಲ್ ಇದೆಯಾ?"

"ಇಲ್ಲ."

"ಹಟ್ಟಿಯಲ್ಲಿ ನೆಟ್ ಸಿಗುತ್ತದಾ?"

"ಗುಡ್ಡ ಹತ್ತಿ ಕೈ ಎತ್ತಿದರೆ ಒಂದು ಕಡ್ಡಿ ಬರುತ್ತದೆ. ಕೈ ಇಳಿಸಿದರೆ ಹೋಗುತ್ತದೆ."

"ಹಾಗಾದರೆ ಖಾತೆಯ ಗೊಡವೆ ಬಿಡು. ಕೆಳಗೆ ನೋಡು, ಸಣ್ಣ ಅಕ್ಷರದಲ್ಲಿ ಏನೋ ಬರೆದಿದೆ. ಓದು."

ಅವನು ಕಣ್ಣು ಕಿರಿದು ಮಾಡಿ ಓದಿದ: "ಈಗ ಬೇಡ."

"ಅದನ್ನು ಒತ್ತು."

ಒತ್ತಿದ. ಅಂಗಡಿ ಹೋಯಿತು. ಖಾಲಿ ಹಲಗೆ ಉಳಿಯಿತು. ಅವನಿಗೆ ಕೋಪ ಬಂತು. ಒಂದು ಹಗಲು ಪೂರ್ತಿ ಕಳೆದದ್ದು ಎರಡು ಪದ ಓದದೆ ಹೋದದ್ದಕ್ಕೆ. ಆ ಎರಡು ಪದ ಹಟ್ಟಿಯ ನಡುವೆ ನಿಂತಾಗಲೂ ಅಲ್ಲೇ ಇದ್ದವು.

ಅಕ್ಕ ವೈರ್ ತಂದು ಪಾಟಿಯನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು. "ಹೀಗೆ ಹಾಕಿದರೆ ಯಾವ ಅಂಗಡಿಯೂ ಬೇಕಿಲ್ಲ. ಏನು ಹಾಕಲಿ?"

"ರಾಜರದು ಹಾಕಿ ಅಕ್ಕಾ. ಯುದ್ಧ ಇರಬೇಕು."

"ಅದನ್ನು ನಕಲು ಮಾಡಿಕೊಡುವ ಹಕ್ಕು ನನಗಿಲ್ಲ. ಕೊಡಬಹುದಾದದ್ದು ಇದೊಂದು ಇದೆ. ಒಬ್ಬ ಪಶುವೈದ್ಯರು ಬರೆದದ್ದು. ಯಾರು ಬೇಕಾದರೂ ನಕಲು ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟಿದ್ದಾರೆ. ಕುರಿಗಳಿಗೆ ಬರುವ ಬೇನೆಗಳು."

"ಕುರಿಯ ವಿಷಯ ನನಗೆ ಓದಿ ಹೇಳುವವರು ಯಾರು? ನಾನು ಹುಟ್ಟಿದ್ದೇ ದೊಡ್ಡಿಯಲ್ಲಿ."

"ಹಾಗಾದರೆ ಬೇಗ ಓದಿ ಮುಗಿಸುತ್ತೀ" ಎಂದಳು ಅಕ್ಕ. ಪುಸ್ತಕ ಹಾಕಿದಳು. ಇನ್ನೊಂದು ಮಾತು ಹೇಳಿದಳು. ಮೂಲೆಯಲ್ಲಿರುವ ವಿಮಾನದ ಗುರುತು ಒತ್ತಿಟ್ಟರೆ ಯಂತ್ರ ನೆಟ್ ಹುಡುಕಿಕೊಂಡು ಸುಸ್ತಾಗುವುದಿಲ್ಲ, ಒಮ್ಮೆ ಚಾರ್ಜ್ ಮಾಡಿದ್ದು ವಾರಗಟ್ಟಲೆ ಬರುತ್ತದೆ. ಕುರಿಗಾಹಿ ಹಟ್ಟಿಗೆ ಬಂದು, ಪಾಟಿಯೊಳಗೆ ವಿಮಾನವೂ ಇದೆ ಎಂದ.

ಹಿಂಡು ಹೊರಟಿತು. ಅವನು ಹಿಂದೆ ನಡೆದ. ಸಾವಿರ ಹಿಡಿಯುವ ಪಾಟಿಯಲ್ಲಿ ಒಂದೇ ಪುಸ್ತಕ ಇರುವುದು ಎರಡೇ ದಿನದಲ್ಲಿ ಎಲ್ಲರಿಗೂ ತಿಳಿಯಿತು. ಹೆಂಗಸರು ಅವನನ್ನು ಸಾವಿರದ ಸಾಹುಕಾರ ಎಂದು ಕರೆದರು. ಅವನು ತಲೆ ಎತ್ತಲಿಲ್ಲ. ನಡುಹಗಲಿನ ಬಿಸಿಲಿನಲ್ಲಿ ಉಳಿದವರ ಫೋನು ಕಪ್ಪಗೆ ಕಾಣುತ್ತಿದ್ದಾಗ ಅವನ ಪಾಟಿಯ ಅಕ್ಷರ ಕಾಗದದ ಮೇಲಿನಂತೆ ಕಾಣುತ್ತಿತ್ತು. ದಾರಿಯ ಊರುಗಳ ಹಿಟ್ಟಿನ ಗಿರಣಿಯಲ್ಲಿ ಕೇಳಿಕೊಂಡು ಚಾರ್ಜ್ ಮಾಡಿಕೊಳ್ಳುತ್ತಿದ್ದ. ಮೊದಲ ಸಲ ಮುಗಿಸಲು ಇಪ್ಪತ್ತು ದಿನ ಹಿಡಿಯಿತು. ಅರ್ಥವಾದದ್ದು ಕಡಮೆ. ಬೇರೆ ಪುಸ್ತಕ ಇರಲಿಲ್ಲ. ಮತ್ತೆ ಮೊದಲಿನಿಂದ ಓದಿದ. ಅದು ಮುಗಿಯಿತು. ಆಗಲೂ ಬೇರೆ ಪುಸ್ತಕ ಇರಲಿಲ್ಲ.

ಮಾರ್ಗಶಿರದಲ್ಲಿ ಅಕಾಲದ ಮಳೆ ಸುರಿದು ಎರೆಭೂಮಿ ಕೆಸರಾಯಿತು. ಮೂರನೆಯ ದಿನ ಹಿಂಡಿನ ಕೊನೆಯಲ್ಲಿ ಒಂದು ಕುರಿ ಕುಂಟಿತು.

"ಮುಳ್ಳು" ಎಂದ ಹಿರಿಯ. ಹಟ್ಟಿಯವರು ಹುಟ್ಟಿದಂದಿನಿಂದ ಕುಂಟುವ ಕುರಿಗೆ ಹೇಳುತ್ತಾ ಬಂದದ್ದು ಅದೇ ಮಾತು. ಕುರಿಗಾಹಿಯೂ ಅದನ್ನೇ ಹೇಳುತ್ತಿದ್ದ. ಅಂದು ಹೇಳಲಿಲ್ಲ. ಕುರಿಯನ್ನು ಮಗುಚಿ ಹಾಕಿ, ಗೊರಸಿನ ಸಂದಿಗೆ ಮೂಗು ಹಿಡಿದ. ಕೊಳೆತ ವಾಸನೆ. ಪುಸ್ತಕದ ಹತ್ತೊಂಬತ್ತನೆಯ ಪುಟ.

"ಕಾಕಾ, ಇದು ಮುಳ್ಳಲ್ಲ. ಗೊರಸು ಕೊಳೆಯುತ್ತಿದೆ. ಒಂದರಿಂದ ಒಂದಕ್ಕೆ ಹತ್ತುತ್ತದೆ. ಇದನ್ನು ಬೇರೆ ಕಟ್ಟಬೇಕು. ಉಳಿದವಕ್ಕೆ ಮೈಲುತುತ್ತದ ನೀರಿನಲ್ಲಿ ಕಾಲು ಅದ್ದಿಸಬೇಕು."

"ಪಾಟಿ ಹೇಳಿತಾ?"

"ಪಾಟಿ ಹೇಳಿತು. ಮೂಗೂ ಹೇಳಿತು. ನೀನೂ ಮೂಸಿ ನೋಡು."

ಹಿರಿಯ ಬಗ್ಗಿ ಮೂಸಿದ. ಮೈಲುತುತ್ತ ತರಲು ಆಳನ್ನು ಓಡಿಸಿದ. ಹಿಂಡನ್ನು ಒಂದೊಂದಾಗಿ ನೀಲಿ ನೀರಿನಲ್ಲಿ ದಾಟಿಸಿದರು. ಆ ಹಿಂಡಿನಲ್ಲಿ ಒಟ್ಟು ಒಂಬತ್ತು ಕುರಿ ಕುಂಟಿದವು. ಒಂಬತ್ತೂ ಎದ್ದು ನಡೆದವು. ಪಕ್ಕದ ಹೊಲದಲ್ಲಿ ತಂಗಿದ್ದ ಬೇರೆ ಹಟ್ಟಿಯ ಹಿಂಡು ಹದಿನೈದು ದಿನ ಅಲ್ಲೇ ಬಿದ್ದಿತ್ತು. ಅವರೂ ಮೊದಲ ದಿನ ಮುಳ್ಳು ಎಂದಿದ್ದರು.

ಮುಂಗಾರಿಗೆ ಹಿಂಡು ಮರಳಿತು. ಬೆಳಗಿನ ಹೊತ್ತು ಹಟ್ಟಿಯ ನಡುವೆ ಕಂಬಳಿ ಹಾಸಿದರು. ಕುರಿಗಾಹಿ ಕುಳಿತು ಮೊದಲ ಪುಟದಿಂದ ಓದಿದ. ಒಂದು ಕಡೆಯೂ ತಡವರಿಸಲಿಲ್ಲ. ಕುರಿ ಈಯುವ ಭಾಗ ಬಂದಾಗ ಆ ಮುದುಕಿ ಕೈ ಎತ್ತಿ ನಿಲ್ಲಿಸಿದಳು.

"ಅದು ತಪ್ಪು. ಬರೆದವನು ಹೊಟ್ಟೆಯೊಳಗೆ ಅಡ್ಡ ಬಿದ್ದ ಮರಿ ತಿರುಗಿಸಿದವನಲ್ಲ. ನನ್ನನ್ನು ಕೇಳು, ಹೇಳುತ್ತೇನೆ."

"ಹೇಳವ್ವಾ" ಎಂದ ಕುರಿಗಾಹಿ. ಮುದುಕಿ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. ಮತ್ತೆ ಓದಿದ. ಕೊನೆಯ ಪುಟ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಯಾರೂ ಎದ್ದು ಹೋಗಿರಲಿಲ್ಲ.

ಹಿರಿಯ ಟಗರಿನ ಹಗ್ಗ ಬಿಚ್ಚಿ ತಂದ. "ಗೆದ್ದೆ. ಹಿಡಿ. ಬರುವ ದೀಪಾವಳಿಯಿಂದ ಮುಂದೆ ನಡೆಯುವವನು ನೀನು."

ಕುರಿಗಾಹಿ ಕೈ ಚಾಚಲಿಲ್ಲ.

"ಯಾಕೋ? ಇದಕ್ಕೇ ಅಲ್ಲವೇನೋ ನೀನು ಬಾಯಿ ಬಡಿದುಕೊಂಡದ್ದು?"

"ಕಾಕಾ, ಮುಂದೆ ನಡೆಯುವವನಿಗೆ ಎಷ್ಟು ಕುರಿಯ ಕಾಲು ಕಾಣುತ್ತದೆ?"

"ಕಾಲು ಯಾಕೆ ಕಾಣಬೇಕು? ಅವನಿಗೆ ದಾರಿ ಕಾಣುತ್ತದೆ."

ಕುರಿಗಾಹಿ ಹಟ್ಟಿಯವರ ಕಡೆ ತಿರುಗಿ ತನಗೆ ಬೇಕಾದುದನ್ನು ಕೇಳಿದ. ಜಂಭ ಎಲ್ಲಿಗೂ ಹೋಗಿರಲಿಲ್ಲ. "ಆ ಕೆಲಸದಲ್ಲಿ ನನ್ನನ್ನು ಮೀರಿಸುವವನು ಈ ಸೀಮೆಯಲ್ಲಿ ಹುಟ್ಟಿಲ್ಲ" ಎಂದೂ ಸೇರಿಸಿದ. ಈ ಸಲ ಯಾರೂ ನಗಲಿಲ್ಲ.

ಇಲ್ಲಿಗೆ ಅಡವಯ್ಯನವರು ನಿಲ್ಲಿಸಿದರು.

ಗುಡದಪ್ಪ ಕಾದ. ಹೆಗಲ ಮೇಲಿನ ಚೀಲ ಭಾರವಾಗಿತ್ತು. "ಬುದ್ಧಿ, ಕೊನೆಗೆ ಅವನಿಗೆ ಏನು ಕೊಟ್ಟರು?" ಎಂದ.

"ಹಿಂಡಿನ ಹಿಂದಿನ ಜಾಗ ಕೊಟ್ಟರು."