ಹಳೆಯ ಗೇರ್‌ಬಾಕ್ಸ್ ಒಪ್ಪಿದ ಎಣ್ಣೆ

ಗದಗಿನ ಇಮಾಮಸಾಬರ ಮೋಟಾರ್ ಸೈಕಲ್ಲಿಗೆ ವಯಸ್ಸಾಗಿತ್ತು. ಅದರ ಗೇರ್‌ಬಾಕ್ಸಿನ ಹಲ್ಲುಗಳು ಸವೆದು ಕರಕರ ಎನ್ನುತ್ತಿದ್ದವು. ಸದ್ದು ನಿಲ್ಲದಿದ್ದರೆ ಗುಜರಿಯೇ ಗತಿಯೆಂದು ಗೇರ್‌ಬಾಕ್ಸಿಗೂ ಗೊತ್ತಿತ್ತು. ಇಮಾಮಸಾಬರು ಹಳೆಯ ಎಣ್ಣೆ ಇಳಿಸಿ, ತೆಳುವಾದದ್ದೊಂದು, ದಪ್ಪದ್ದೊಂದು, ಹೀಗೆ ಎರಡು ಡಬ್ಬಿ ಹೊಸ ಎಣ್ಣೆ ತಂದಿಟ್ಟರು.

"ಅಜ್ಜಾ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಿನ್ನ ಮೂಲೆಮೂಲೆಗೂ ಓಡಿಬರುತ್ತೇನೆ," ಎಂದಿತು ತೆಳುವಾದ ಎಣ್ಣೆ.

"ಬಾ ಮಗಾ," ಎಂದಿತು ಗೇರ್‌ಬಾಕ್ಸ್.

ಇಮಾಮಸಾಬರು ಅದನ್ನೇ ಸುರಿದರು. ಓಡಿಬಂದ ಎಣ್ಣೆ ಸೋರಿಕೆ ತಡೆಯಬೇಕಾದ ಸೀಲು ಸವೆದಿದ್ದ ಸಂದಿಯಿಂದ ಅಷ್ಟೇ ಬೇಗ ಹೊರಗೋಡಿ ನೆಲಕ್ಕೆ ಹರಡಿತು.

"ನನಗೆ ನಿಲ್ಲಲು ಬರುವುದಿಲ್ಲ, ಅಜ್ಜಾ."

"ನಿನ್ನ ತಪ್ಪಲ್ಲ ಮಗಾ. ಹೊಸ ಗಾಡಿಗೆ ನೀನೇ ಬೇಕು."

ಇಮಾಮಸಾಬರು ಟ್ಯಾಂಕು ಸವರಿದರು. "ನಿನಗ ದಪ್ಪ ಎಣ್ಣೀನ ಬೇಕು ನೋಡಪಾ."

ದಪ್ಪ ಎಣ್ಣೆ ಸಂಕೋಚದಿಂದ ಹೇಳಿತು: "ನಾನು ನಿಧಾನ. ಚಳಿಯ ಬೆಳಗಿನಲ್ಲಿ ಎಲ್ಲ ಹಲ್ಲಿಗೂ ತಲುಪಲು ನನಗೆ ಹೊತ್ತು ಹಿಡಿಯುತ್ತದೆ."

"ನನಗೂ ಏಳಲು ಹೊತ್ತು ಹಿಡಿಯುತ್ತದೆ. ಬಂದು ಇರುವೆಯಾ?"

"ಇರುತ್ತೇನೆ."

ದಪ್ಪ ಎಣ್ಣೆ ನಿಧಾನವಾಗಿ ಒಳಗಿಳಿಯಿತು. ಈಗ ಕರಕರ ಇಲ್ಲ. ಇಮಾಮಸಾಬರು ಬೆಳಿಗ್ಗೆ ಗಾಡಿ ಚಾಲು ಮಾಡಿ, ಪಕ್ಕದಲ್ಲೇ ಕುಳಿತು ನಿಧಾನವಾಗಿ ಚಹಾ ಕುಡಿಯುತ್ತಾರೆ. ಒಳಗೆ ಗೇರ್‌ಬಾಕ್ಸೂ ಎಣ್ಣೆಯೂ ಒಂದನ್ನೊಂದು ಮಾತನಾಡಿಸಿಕೊಳ್ಳಲಿ ಎಂದು.