ಹಗೇವಿನ ಅಳತೆ

“ಅಜ್ಜಾರೇ, ಅಧಿಕಾರ ಇಲ್ಲದಾಗ ಒಂದು ಪಕ್ಷದವರು ‘ನಾಡು ಸಾಲದಲ್ಲಿ ಮುಳುಗಿತು’ ಎಂದು ಎದೆ ಬಡಿದುಕೊಳ್ಳುತ್ತಾರೆ. ಕುರ್ಚಿ ಸಿಕ್ಕ ಮರುದಿನ ಅವರೇ ಹೊಸ ಸಾಲಕ್ಕೆ ರುಜು ಹಾಕುತ್ತಾರೆ. ಕುರ್ಚಿಯಿಂದ ಇಳಿದವರು ಆಗ ಎದೆ ಬಡಿದುಕೊಳ್ಳಲು ಶುರು ಮಾಡುತ್ತಾರೆ. ಇವರಿಬ್ಬರಲ್ಲಿ ದೊಡ್ಡ ಕಳ್ಳ ಯಾರು?”

ಕೇಳಿದವನು ಚನ್ನಮಲ್ಲ. ಮಠದ ಸ್ವಾಮಿಗಳಾದ ಅಜ್ಜನವರಿಗೆ ದಿನಾ ಬೆಳಿಗ್ಗೆ ಪತ್ರಿಕೆ ಓದಿ ಹೇಳುವ ಕೆಲಸ ಅವನದು. ಆ ದಿನ ಓದು ಅರ್ಧಕ್ಕೇ ನಿಂತಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಗೊಣಗುತ್ತ ಅವನು ಪತ್ರಿಕೆಯನ್ನು ಮಡಚಿ ಪಕ್ಕಕ್ಕೆ ಎಸೆದಿದ್ದ.

“ಪತ್ರಿಕೆಯ ಮೇಲೆ ಯಾಕೆ ಸಿಟ್ಟು? ಕೂತುಕೋ,” ಎಂದರು ಅಜ್ಜನವರು. ಆಮೇಲೆ ಈ ಕತೆ ಹೇಳಿದರು.

ಎರೆ ಭೂಮಿಯ ಸೀಮೆಯಲ್ಲಿ ಒಂದು ಊರು. ಚಾವಡಿಯ ಮುಂದೆ ಊರಿಗೆಲ್ಲ ಸೇರಿದ ಒಂದು ಹಗೇವು. ಹಗೇವು ಎಂದರೆ ನೆಲದೊಳಗಿನ ಕಣಜ. ಅದರ ಬಾಯಿ ಒಬ್ಬ ಆಳು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ತುಂಬಿದ್ದರೂ ಬರಿದಾಗಿದ್ದರೂ ಮೇಲಿನಿಂದ ಇಣುಕಿದವನಿಗೆ ಕಾಣುವುದು ಅದೇ ಕತ್ತಲೆ.

ಹಿರಿಯರು ಹಾಕಿದ ಕಟ್ಟಳೆ ಸಣ್ಣದು. ಕಷ್ಟಕ್ಕೆ ತೆಗೆಯಿರಿ, ಸುಗ್ಗಿಗೆ ತುಂಬಿರಿ, ತುಂಬುವಾಗ ಕಾಲುಪಾಲು ಹೆಚ್ಚು ಹಾಕಿರಿ. ಬೆಳೆ ಕೈಕೊಟ್ಟರೆ ಮರುವರ್ಷ ಊರು ಬಿತ್ತುವುದು ಆ ಜೋಳವನ್ನೇ.

ಹಗೇವಿನ ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಮೇಲೆ ಮುದ್ರೆ ಒತ್ತುತ್ತಿದ್ದರು. ಮುದ್ರೆ ಯಾರ ಕೈಯಲ್ಲಿರಬೇಕೆಂದು ಊರವರು ಮೂರು ವರ್ಷಕ್ಕೊಮ್ಮೆ ಕೈ ಎತ್ತಿ ಆರಿಸುತ್ತಿದ್ದರು. ಒಂದು ಸಲ ಮೇಲೋಣಿಯ ಗೌಡ, ಇನ್ನೊಂದು ಸಲ ಕೆಳಗೋಣಿಯ ಸಾಹುಕಾರ. ಮೂರನೆಯವನು ಆ ಊರಲ್ಲಿ ಹುಟ್ಟಲಿಲ್ಲವೋ, ಹುಟ್ಟಿದವನು ಊರವರ ಕಣ್ಣಿಗೆ ಬೀಳಲಿಲ್ಲವೋ, ನನಗೆ ಗೊತ್ತಿಲ್ಲ.

ಹಗೇವಿಗೆ ಇಳಿಯುವವನು ತಿರಕಪ್ಪ ಎಂಬ ಸಣ್ಣ ರೈತ. ಅವನಪ್ಪನೂ ಅದೇ ಕೆಲಸ ಮಾಡಿದವನು. ಕಲ್ಲು ಸರಿಸಿದ ಕೂಡಲೇ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿಗೆ ಉಸಿರುಗಟ್ಟಿ ಸತ್ತವರುಂಟು. ಒಂದು ಹಗಲು ಬಾಯಿ ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರದಿದ್ದರೆ ತಿರಕಪ್ಪ ಇಳಿಯುತ್ತಿದ್ದ. ಜೋಳದ ಮೇಲೆ ನಿಂತು ಕಬ್ಬಿಣದ ಸರಳನ್ನು ಚುಚ್ಚಿ, ತಳದ ಹಾಸುಗಲ್ಲಿಗೆ ತಾಗುವತನಕ ಎಷ್ಟು ಮೊಳ ಎಂದು ನೋಡುತ್ತಿದ್ದ. ಮೇಲೆ ಬಂದು ಚಾವಡಿಯ ಕಟ್ಟೆ ಹತ್ತಿ ಆ ಅಳತೆಯನ್ನು ಮೂರು ಸಲ ಕೂಗುತ್ತಿದ್ದ. ಅದಕ್ಕೆ ಅವನ ಕೂಲಿ ಒಂದು ಮೊರ ಜೋಳ.

ಗೌಡನ ಕೈಗೆ ಮುದ್ರೆ ಬಂದಾಗ ಹಗೇವಿನಲ್ಲಿ ಹನ್ನೆರಡು ಮೊಳ ಜೋಳವಿತ್ತು. ಗೌಡ ಕೈ ಬಿಚ್ಚಿದ. ಚಾವಡಿಗೆ ಹೊಸ ಕಂಬಗಳು ಬಂದವು. ಕುಸ್ತಿಗೆ ಬಂದ ಪೈಲವಾನರಿಗೆ ವಾರಗಟ್ಟಲೆ ಊಟವಾಯಿತು. ಮೇಲೋಣಿಯ ಮದುವೆಗಳಿಗೆ ಚೀಲ ಚೀಲ ಹೋಯಿತು. ಸುಗ್ಗಿ ಬಂದಾಗ, “ಈ ವರ್ಷ ಯಾರೂ ತುಂಬೋದು ಬ್ಯಾಡ, ಬಡವರಿಗೆ ಹೊರಿ ಆಗ್ತೈತಿ,” ಎಂದ. ಹೊರೆ ಇಳಿದದ್ದು ಹೆಚ್ಚಾಗಿ ನೂರು ಚೀಲ ಬೆಳೆಯುವವರಿಗೆ. ಆದರೂ ಊರೆಲ್ಲ ಚಪ್ಪಾಳೆ ತಟ್ಟಿತು.

ಸಾಹುಕಾರ ಆಗ ಕಟ್ಟೆ ಹತ್ತಿದ. “ನಿಮ್ಮ ಮೊಮ್ಮಕ್ಕಳ ಬಾಯಿಗೆ ಮಣ್ಣು ಹಾಕಾಕತ್ತಾನ್ರೋ ಈ ಗೌಡ!” ಎಂದು ಕೂಗಿದ. ಕೂಗುತ್ತ ಕಣ್ಣಲ್ಲಿ ನೀರು ತಂದ. ತಿರಕಪ್ಪನ ತಲೆಗೆ ಹೊಸ ರುಮಾಲು ಸುತ್ತಿಸಿ, ಅಳತೆಯನ್ನು ನಾಲ್ಕೂರಿಗೆ ಕೇಳುವಂತೆ ಕೂಗು ಎಂದ. ಅಳತೆ ಎಂಟು ಮೊಳಕ್ಕೆ ಬಂದಿತ್ತು. ತಿರಕಪ್ಪ ಗಂಟಲು ಹರಿಯುವಂತೆ ಕೂಗಿದ. ಊರು ಬೆಚ್ಚಿತು, ಮುದ್ರೆ ಸಾಹುಕಾರನ ಕೈಗೆ ಹೋಯಿತು.

ಸಾಹುಕಾರನಾದರೂ ಹಗೇವು ತುಂಬಿಸುತ್ತಾನೆ ಎಂದು ತಿರಕಪ್ಪ ನಂಬಿದ್ದ. ಎಂಟು ದಿನ ಕಳೆದಿರಲಿಲ್ಲ, ಕಲ್ಲು ಸರಿಯಿತು. “ಇಟ್ಟರ ಹುಳ ತಿಂತಾವು, ಕೊಟ್ಟರ ಜನ ತಿಂತಾರು,” ಎಂದ ಸಾಹುಕಾರ. ಕೆಳಗೋಣಿಗೆ ಕಲ್ಲು ಹಾಸಿಸಿದ, ತನ್ನ ಹೆಸರಿನಲ್ಲಿ ಒಂದು ಅರವಟ್ಟಿಗೆ ಕಟ್ಟಿಸಿದ. ಸುಗ್ಗಿ ಬಂದಾಗ ಅವನೂ ತುಂಬುವುದು ಬೇಡ ಎಂದ, ಊರು ಅವನಿಗೂ ಚಪ್ಪಾಳೆ ತಟ್ಟಿತು. ಈಗ ಕಟ್ಟೆಯ ಮೇಲೆ ಗೌಡ ನಿಂತಿದ್ದ. ಮೊಮ್ಮಕ್ಕಳು, ಬಾಯಿ, ಮಣ್ಣು, ಒಂದಕ್ಷರವೂ ಬದಲಾಗಿರಲಿಲ್ಲ. ಅಳು ಮಾತ್ರ ಪಾಪ, ಗೌಡನಿಗೆ ಸಾಹುಕಾರನಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಸಾಹುಕಾರ ತಿರಕಪ್ಪನನ್ನು ಒಳಗೆ ಕರೆದ. “ಇನ್ನ ಮ್ಯಾಲೆ ಕಟ್ಟಿ ಹತ್ತಿ ಒದರೋದು ಬ್ಯಾಡೋ. ನನ್ನ ಕಿವ್ಯಾಗ ಹೇಳು, ಸಾಕು. ಒಂದು ಮೊರ ಅಲ್ಲ, ಎರಡು ಮೊರ ತಗೊಂಡು ಹೋಗು.”

ತಿರಕಪ್ಪ ತೆಗೆದುಕೊಂಡ. ತೆಗೆದುಕೊಳ್ಳಲಿಲ್ಲ ಎಂದು ಹೇಳಿ ನಾನು ಕತೆಯನ್ನು ಚೆಂದ ಮಾಡಬಹುದು, ಆದರೆ ತೆಗೆದುಕೊಂಡ. ಮುದ್ರೆ ಮತ್ತೆ ಗೌಡನ ಕೈಗೆ ಬಂದಾಗ ಗೌಡನೂ ಎರಡು ಮೊರ ಕೊಟ್ಟ. ಹೀಗೇ ವರ್ಷಗಳು ಹೋದವು. ಮುದ್ರೆ ಇದ್ದವನು ಪಿಸುಗುಟ್ಟು ಎನ್ನುತ್ತಿದ್ದ, ಇಲ್ಲದವನು ಕೂಗು ಎನ್ನುತ್ತಿದ್ದ. ಎರಡು ಮೊರದ ರುಚಿ ಹತ್ತಿದ ತಿರಕಪ್ಪ ಪಿಸುಗುಟ್ಟುತ್ತಲೇ ಬಂದ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ಊರಿಗೆ ಊರೇ ಕೂತು ಉಂಡರೆ ಹಗೇವು ಎಷ್ಟು ದಿನ ಬಂದೀತು?

ಒಂದು ವರ್ಷ ಊರಿಗೆಲ್ಲ ಜೋಳ ಹಂಚುತ್ತೇನೆಂದು ಗೌಡ ಸಾರಿದ. ಹಂಚುವ ದಿನ ತಿರಕಪ್ಪ ಇಳಿದ. ಸರಳು ಚುಚ್ಚಿದ. ಅದು ಒಂದು ಮೊಳ ಇಳಿಯುವುದರೊಳಗೆ ಖಣ್ ಎಂದು ಕಲ್ಲಿಗೆ ಬಡಿಯಿತು. ಮನೆಯಲ್ಲಿ ಮೊಮ್ಮಗಳು ಹುಟ್ಟಿ ತಿಂಗಳಾಗಿತ್ತು. ಮೊಮ್ಮಕ್ಕಳ ಬಾಯಿಗೆ ಮಣ್ಣು ಎಂಬ ಮಾತನ್ನು ಅವನು ವರ್ಷವರ್ಷವೂ ಕೇಳಿದ್ದ, ಕೇಳಿ ನಕ್ಕೂ ಇದ್ದ. ಆ ದಿನ ಅದು ತನ್ನ ಮನೆಯ ಮಾತಾಯಿತು. ಅವನಿಗೆ ಹೆದರಿಕೆಯಾಯಿತು. ತಿಂದ ಮೊರಗಳ ನೆನಪಾಗಿ ನಾಚಿಕೆಯೂ ಆಯಿತು.

ಮೇಲೆ ಬಂದವನು ಗೌಡನ ಕಿವಿಯ ಹತ್ತಿರ ಹೋಗಲಿಲ್ಲ. ನೆಟ್ಟಗೆ ಕಟ್ಟೆ ಹತ್ತಿದ.

“ಒಂದು ಮೊಳ! ಒಂದೇ ಮೊಳ ಉಳಿದೈತ್ರೋ!”

ಜನ ಖಾಲಿ ಚೀಲ ಹಿಡಿದು ಸಾಲಾಗಿ ನಿಂತಿದ್ದರು. ಅವರಲ್ಲೊಬ್ಬ, “ಆತು ಬಿಡೋ ಮಾರಾಯ, ನನ್ನ ಚೀಲ ತುಂಬಿದ ಮ್ಯಾಲೆ ಒದರು,” ಎಂದ. ಎಲ್ಲರೂ ನಕ್ಕರು.

“ಕೈ ಮುಗೀತೀನಿ, ಕೇಳ್ರಿ,” ಎಂದ ತಿರಕಪ್ಪ. “ಈ ಸುಗ್ಗಿಯಿಂದ ಶಕ್ತಿ ಇದ್ದವರು ಮನಿಗೊಂದು ಚೀಲ ಹಾಕೋಣ. ನಾನೂ ಹಾಕ್ತೀನಿ.”

ಗೌಡ ಎದ್ದು ನಿಂತ. ಆಶ್ಚರ್ಯ ನೋಡು, ಸಾಹುಕಾರನೂ ಎದ್ದು ನಿಂತ. ಅಷ್ಟು ವರ್ಷದಲ್ಲಿ ಇಬ್ಬರೂ ಒಂದೇ ಮಾತು ಆಡಿದ್ದು ಅವತ್ತೇ. ನಾವು ಬದುಕಿರುವ ತನಕ ಜನರ ಮೇಲೆ ಇಂಥ ಹೊರೆ ಹೊರಿಸಲು ಬಿಡುವುದಿಲ್ಲ ಎಂದರು. ಊರವರು ಇಬ್ಬರಿಗೂ ಹಾರ ಹಾಕಿದರು. ಉಳಿದಿದ್ದ ಒಂದು ಮೊಳವೂ ಅಂದೇ ಹಂಚಿಹೋಯಿತು. ತಿರಕಪ್ಪನಿಗೆ ಅವತ್ತು ಒಂದು ಮೊರವೂ ಸಿಗಲಿಲ್ಲ.

ಸುಗ್ಗಿಯ ದಿನ ಹಗೇವಿನ ಬಾಯಿ ತೆರೆದಿಡುವುದು ಹಿಂದಿನಿಂದ ಬಂದ ಪದ್ಧತಿ. ಯಾರೂ ಏನೂ ಹಾಕದೆ ಎಷ್ಟೋ ವರ್ಷ ಆಗಿದ್ದರೂ ಪದ್ಧತಿ ಬಿಟ್ಟಿರಲಿಲ್ಲ. ಅರಿಶಿನ ಕುಂಕುಮ ಏರಿಸಿ, ಕಾಯಿ ಒಡೆದು, ಸಂಜೆಗೆ ಮುಚ್ಚುತ್ತಿದ್ದರು. ಆ ವರ್ಷ ತಿರಕಪ್ಪ ತನ್ನ ಹೊಲದ ಒಂದು ಚೀಲ ಜೋಳವನ್ನು ಬೆನ್ನ ಮೇಲೆ ಹೊತ್ತು ಓಣಿಯಲ್ಲಿ ನಡೆದ. ಜನ ಬಾಗಿಲಿಗೆ ಬಂದು ನೋಡಿದರು. ಇವನಿಗೆ ತಲೆ ಕೆಟ್ಟಿದೆ ಎಂದರು. ಅಯ್ಯೋ ಪಾಪ ಎಂದವರೂ ಇದ್ದರು. ಅವನು ಎರಡು ಸಲ ಹಿಂದೆ ತಿರುಗಿ ನೋಡಿದ, ಯಾರಾದರೂ ಬರುತ್ತಿದ್ದಾರೇನೋ ಎಂದು. ಯಾರೂ ಬರಲಿಲ್ಲ. ಚೀಲವನ್ನು ಒಳಗೆ ಸುರಿದು ಮನೆಗೆ ಹೋದ.

ಮರುವರ್ಷ ತೆನೆ ಬಲಿಯುವ ಹೊತ್ತಿಗೆ ಆಲಿಕಲ್ಲು ಬಿತ್ತು. ಊರಿನಲ್ಲಿ ಒಂದು ಹಿಡಿ ಕಾಳೂ ಉಳಿಯಲಿಲ್ಲ. ಬಿತ್ತುವ ಕಾಲ ಬಂದಾಗ ಊರೆಲ್ಲ ಹಗೇವಿನ ಸುತ್ತ ನೆರೆಯಿತು. ಉಳಿದದ್ದನ್ನೂ ತಾವೇ ಹಂಚಿಕೊಂಡಿದ್ದರೂ, ತಳದಲ್ಲೆಲ್ಲೋ ತಮ್ಮ ಅಜ್ಜ ಮುತ್ತಜ್ಜಂದಿರ ಜೋಳ ಇನ್ನೂ ಇದ್ದೇ ಇರುತ್ತದೆ ಎಂದು ಎಲ್ಲರಿಗೂ ಧೈರ್ಯ. ದೀಪ ಇಳಿಬಿಟ್ಟರು, ತಿರಕಪ್ಪ ಇಳಿದ. ಅವನ ಕಾಲಿಗೆ ಕಲ್ಲು ತಾಗಿತು. ನಡುವೆ ತಾನೇ ಸುರಿದ ಒಂದು ಚೀಲ ಜೋಳದ ಗುಪ್ಪೆ ಇತ್ತು. ಸರಳು ಚುಚ್ಚುವ ಅಗತ್ಯವೇ ಇರಲಿಲ್ಲ. ಅವನು ಅಲ್ಲೇ ಕೂತು ಅತ್ತ.

ಅವನು ಅಳುತ್ತಿದ್ದಾಗ ಮೇಲೆ ಆಗಲೇ ಜಗಳ ಎದ್ದಿತ್ತು. ಇದ್ದಷ್ಟನ್ನು ಮನೆಗೊಂದು ಬೊಗಸೆ ಹಂಚುತ್ತೇನೆ ಎಂದ ಗೌಡ. ನನಗೆ ಮುದ್ರೆ ಕೊಡಿ, ಎರಡು ಬೊಗಸೆ ಹಂಚುತ್ತೇನೆ ಎಂದ ಸಾಹುಕಾರ. ಎರಡು ಬೊಗಸೆಗೆ ಹೆಚ್ಚು ಕೈ ಎದ್ದವು. ಊರಿನ ಅರ್ಧ ಮನೆ ಮುಟ್ಟುವಷ್ಟರಲ್ಲಿ ಜೋಳ ಮುಗಿಯಿತು. ಓಣಿಯ ಕೊನೆಯಲ್ಲಿದ್ದ ತಿರಕಪ್ಪನ ಮನೆಗೆ ಒಂದು ಕಾಳೂ ಬರಲಿಲ್ಲ. ಹೊಲ ಬೀಳು ಬಿತ್ತು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂದು ಹಿಂದಿನವರು ಸುಮ್ಮನೆ ಹೇಳಲಿಲ್ಲ. ಮೊಮ್ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಅವನು ಕೂಲಿ ಹುಡುಕುತ್ತ ಊರು ಬಿಟ್ಟ. ಅವನು ಊರ ಅಗಸೆಬಾಗಿಲು ದಾಟುವಾಗ ಗೌಡ ಕಟ್ಟೆಯ ಮೇಲೆ ನಿಂತು, ಹಗೇವನ್ನು ಬರಿದು ಮಾಡಿದವನು ಸಾಹುಕಾರ ಎಂದು ಕೂಗುತ್ತಿದ್ದ.

ಅಜ್ಜನವರು ಕತೆ ನಿಲ್ಲಿಸಿದರು. ಚನ್ನಮಲ್ಲನ ಮುಖ ಕೆಂಪಗಾಗಿತ್ತು.

“ಆ ಇಬ್ಬರನ್ನೂ ಹಗೇವಿಗೆ ತಳ್ಳಿ ಕಲ್ಲು ಮುಚ್ಚಬೇಕಿತ್ತು ಅಜ್ಜಾರೇ! ನಾನಾಗಿದ್ದರೆ ಬಿಡುತ್ತಿರಲಿಲ್ಲ.”

“ಅದಿರಲಿ, ಸುಗ್ಗಿಯ ದಿನ ನೀನು ತಿರಕಪ್ಪನ ಹಿಂದೆ ಚೀಲ ಹೊತ್ತು ನಡೆಯುತ್ತಿದ್ದೆಯೋ, ಬಾಗಿಲಿಗೆ ಬಂದು ನೋಡುತ್ತಿದ್ದೆಯೋ?”

ಚನ್ನಮಲ್ಲ ತಾನು ಎಸೆದಿದ್ದ ಪತ್ರಿಕೆಯನ್ನು ಎತ್ತಿಕೊಂಡು ಅದರ ಮಡಿಕೆ ಬಿಡಿಸತೊಡಗಿದ.