ಓಟಗಾರನ ಕಾಲಿಗಂಟಿದ ಬೊಡ್ಡೆ

ಬೀಳುವವರನ್ನು ಕಾಣದಂತೆ ಹಿಡಿದು ನಿಲ್ಲಿಸುವ ದಯಾಮಯನಿಗೆ ಮೊದಲು ಕೈಮುಗಿಯೋಣ.

ಹಿಂದೆ ರೋಮಾಪುರಿಯ ಶಿಲ್ಪಿಯೊಬ್ಬ, ಗ್ರೀಕರು ಎರಕ ಹೊಯ್ದಿದ್ದ ಕಂಚಿನ ಓಟಗಾರನನ್ನು ನೋಡಿ, ಅವನಂಥವನನ್ನೇ ಅಮೃತಶಿಲೆಯಲ್ಲಿ ಕಡೆದ. ಕಂಚಿನಂತೆ ಕಲ್ಲು ಸಣ್ಣ ಕಣಕಾಲಿನ ಮೇಲೆ ನಿಲ್ಲಲಾರದು. ಅದಕ್ಕೆಂದೇ ಕಾಲಿಗೆ ಅಂಟಿದಂತೆ ಒಂದು ಮರದ ಬೊಡ್ಡೆಯನ್ನೂ ಅದೇ ಕಲ್ಲಿನಲ್ಲಿ ಕೆತ್ತಿದ.

ಓಟಗಾರನಿಗೆ ನಾಚಿಕೆಯಾಯಿತು. “ಎಲೈ ಬೊಡ್ಡೆಯೇ, ಕಂಚಿನ ನಮ್ಮಣ್ಣ ಯಾರ ಹಂಗೂ ಇಲ್ಲದೆ ನಿಂತಿದ್ದಾನೆ. ಓಡುವವನ ಕಾಲಿಗೆ ಮರ ಕಟ್ಟಿದ್ದಾರೆಂದು ನಾಳೆ ಊರೇ ನಗುತ್ತದೆ. ತೊಲಗಬಾರದೆ?” ಎಂದ.

“ನಾನಾಗಿ ಬಂದದ್ದಲ್ಲಪ್ಪ, ಇಟ್ಟವನು ಬಲ್ಲ,” ಎಂದಿತು ಬೊಡ್ಡೆ.

ಓಟಗಾರ ಪಕ್ಕದಲ್ಲಿದ್ದ ಉಳಿಯನ್ನು ಕರೆದ. “ಇದನ್ನು ಕಡಿದುಹಾಕು.”

“ಒಡೆಯನ ಕೈಯಿಲ್ಲದೆ ನಾನು ಏಳುವುದಿಲ್ಲ ಸ್ವಾಮಿ,” ಎಂದಿತು ಉಳಿ.

ಅಷ್ಟರಲ್ಲಿ ಭೂಮಿ ನಡುಗಿತು. ಓಟಗಾರನ ಎರಡೂ ಕಣಕಾಲುಗಳು ಬಿರುಕುಬಿಟ್ಟವು. ಮೈ ಬೊಡ್ಡೆಯತ್ತ ವಾಲಿತು, ಆದರೆ ಬೀಳಲಿಲ್ಲ.

“ಬೊಡ್ಡೆಯಣ್ಣಾ, ನಾನು ಆಗ ಆಡಿದ ಮಾತು...” ಎಂದು ಅವನು ತೊದಲಿದ.

“ಮಾತು ಆಮೇಲಾಗಲಿ. ಮೊದಲು ಭಾರವನ್ನೆಲ್ಲ ನನ್ನ ಮೇಲೆ ಬಿಡು,” ಎಂದಿತು ಬೊಡ್ಡೆ.

ಕೇಳಿದ ನಿಮ್ಮೆಲ್ಲರ ಕಾಲ ಬಳಿಯೂ ಭಗವಂತ ಇಂಥದೊಂದು ಆಸರೆ ಇಟ್ಟಿರಲಿ. ಬಿರುಕು ಬೀಳುವ ಮೊದಲೇ ಅದು ನಿಮ್ಮ ಕಣ್ಣಿಗೆ ಕಾಣಲಿ.